ಸ್ಪಾಲ್ಡಿಂಗ್‌ನಲ್ಲಿ ರಾತ್ರಿಪಾಳಿ

ಹೂವಿನ ಕಾರ್ಖಾನೆಯೊಳಗೆ ಹೂ ಮುಡಿಯುವಂತಿಲ್ಲ.
ಬಾಗಿಲಲ್ಲೇ ಬರೆದಿದೆ: ಬಳೆ ಬೇಡ, ಓಲೆ ಬೇಡ,
ಕೂದಲೆಲ್ಲ ನೀಲಿ ಬಲೆಯೊಳಗೆ.
ಬೆಲ್ಟಿನ ಮೇಲೆ ಡ್ಯಾಫೊಡಿಲ್ ಬರುತ್ತವೆ, ಹಸಿರು ಮೊಗ್ಗು,
ಹತ್ತಕ್ಕೊಂದು ರಬ್ಬರು, ಹತ್ತಕ್ಕೊಂದು ರಬ್ಬರು.
ಅರಳಿದ್ದನ್ನು ನಾವು ನೋಡುವುದಿಲ್ಲ.
ಅರಳುವುದು ಯಾರದೋ ಮನೆಯ ಮೇಜಿನ ಮೇಲೆ,
ಅಮ್ಮಂದಿರ ಭಾನುವಾರ.
ನಮಗೆ ಉಳಿಯುವುದು ದಂಟಿನ ಲೋಳೆ,
ಮಣಿಕಟ್ಟಿನ ತನಕ ಏರುವ ತುರಿ.

ಗುರುವಾರ ಸಂಜೆ ಲೈಬ್ರರಿಯಲ್ಲಿ
ಮಿಸೆಸ್ ಆಲ್ಡ್ರೆಡ್ ಹಳೆಯ ಕವಿತೆ ಓದಿಸುತ್ತಾರೆ.
ಹಿಂದೆ ಇಲ್ಲಿಯ ಹೆಂಗಸರು, ಅಂದರು ಮೊನ್ನೆ,
ಬಾಯಿಬಿಟ್ಟು ಆಡಲಾಗದ್ದನ್ನು ಗೊಂಚಲಲ್ಲಿ ಕಟ್ಟಿ ಕಳಿಸುತ್ತಿದ್ದರು.
ನೇರಳೆಗೊಂದು ಅರ್ಥ, ಹಳದಿಗೊಂದು,
ತಲೆಕೆಳಗಾಗಿ ಹಿಡಿದರೆ ತಿರುವುಮುರುವು.
"ನಿಮ್ಮಲ್ಲಿ?" ಎಂದು ನನ್ನತ್ತ ತಿರುಗಿದರು.

ನನ್ನ ಇಂಗ್ಲಿಷು ಬಸ್ಸು ಹಿಡಿಯುವಷ್ಟು, ಬಾಡಿಗೆ ಕಟ್ಟುವಷ್ಟು.
ನೀಲವ್ವ ಚಿಕ್ಕಮ್ಮನನ್ನು ಅದರಲ್ಲಿ ಎಲ್ಲಿ ಕೂರಿಸಲಿ?
ಇಪ್ಪತ್ತೆರಡಕ್ಕೆ ಗಂಡ ಹೋದ. ಅವತ್ತಿನಿಂದ
ಮಾರುಗಟ್ಟಲೆ ಕಟ್ಟಿದಳು, ತುಣುಕೂ ಮುಡಿಯಲಿಲ್ಲ.
ರಾಣೆಬೆನ್ನೂರಿನ ನಮ್ಮ ಓಣಿಯ ವ್ಯಾಕರಣ ಹಾಗಿತ್ತು.
ಹೆರಳು ನೋಡಿಯೇ ಹೆಣ್ಣನ್ನು ಓದಿ ಮುಗಿಸುತ್ತಿದ್ದರು.

ಗಿರಣಿಯ ಸಾವುಕಾರರಿಗೆ ಸನ್ಮಾನ, ಹಾರ ಬೇಕೆಂದರು ಒಮ್ಮೆ.
ಮೂರು ತಿಂಗಳ ಕೂಲಿ ನುಂಗಿ ಕೂತಿದ್ದವರು.
ಚಿಕ್ಕಮ್ಮ ಕಟ್ಟಿದಳು: ಸೇವಂತಿಗೆ, ಸುಗಂಧರಾಜ,
ನಡುವೆ, ಎದೆಗೆ ಸರಿಯಾಗಿ, ಒಂದೇ ಒಂದು ಉಮ್ಮತ್ತಿ.
ಸಾವುಕಾರರು ಕೊರಳು ಬಾಗಿಸಿದರು, ಫೋಟೊ ಆಯಿತು.
ಮುಂದಿನ ಸಾಲು ಚಪ್ಪಾಳೆ ತಟ್ಟಿತು.
ಹಿಂದಿನ ಸಾಲು ಸೆರಗನ್ನು ಬಾಯಿಗೆ ತುರುಕಿಕೊಂಡಿತು.
"ಬಾಯಿ ಇದ್ದವ್ರು ಮಾತಾಡ್ಲಿ," ಅಂದಿದ್ದಳು, "ನಾ ಕಟ್ಟತೀನಿ."

ಇದಿಷ್ಟನ್ನು ಹೇಳಲಿಲ್ಲ.
"ನಮ್ಮಲ್ಲೂ ಇದೆ," ಅಂದೆ.
ಮಿಸೆಸ್ ಆಲ್ಡ್ರೆಡ್ ನಕ್ಕು ಪುಟ ತಿರುವಿದರು.

ಆಮೇಲೆ ಮಾರ್ಚಿನ ಆ ವಾರ
ಗೋಡೆಗೊಂದು ಕಾಗದ ಅಂಟಿತು:
ಕೈ ತೊಳೆಯುವ ಹತ್ತು ನಿಮಿಷಕ್ಕೆ ಇನ್ನು ಸಂಬಳವಿಲ್ಲ.
ಲಿಥುವೇನಿಯಾದ ದೈವಾ ಓದಿದಳು,
(ಹೆಸರು ಕೇಳಿದ ದಿನ ಕೈ ಮುಗಿಯಬೇಕೆನ್ನಿಸಿತ್ತು)
ಬಲ್ಗೇರಿಯಾದ ಪೆನ್ಕಾ ಓದಿದಳು, ನಾನೂ ಓದಿದೆ.
ಯಾರೂ ಏನೂ ಅನ್ನಲಿಲ್ಲ.
ರಾತ್ರಿಪಾಳಿಗೆ ದಂಟು ಮುರಿದ ಒಂದೊಂದು ಮೊಗ್ಗನ್ನು
ಬಲೆಯೊಳಗೆ, ಕಿವಿಯ ಮೇಲೆ ಸಿಕ್ಕಿಸಿಕೊಂಡೆವು,
ಮೂವತ್ತೊಂದು ಮಂದಿ.
ನಮ್ಮ ಕಡೆ ಕಿವಿಗೆ ಹೂ ಇಟ್ಟರೆ ಮೋಸ ಹೋದೆವೆಂದು ಅರ್ಥ.
ಮೋಸ ಗೊತ್ತಾಯಿತು ಎನ್ನುವುದಕ್ಕೂ
ಬೇರೆ ಜಾಗ ಸಿಗಲಿಲ್ಲ.

ನಸುಕಿನ ನಾಲ್ಕಕ್ಕೆ, ನೆತ್ತಿಯ ಕಾವಿಗೆ,
ಪೆನ್ಕಾಳದು ಅರಳಿತು
ನೀಲಿ ಬಲೆಯನ್ನು ಒಳಗಿನಿಂದ ನೂಕಿ.

ಸೂಪರ್‌ವೈಸರ್ ಬಂದ. ಸಾಲಿನುದ್ದಕ್ಕೂ ನಡೆದ.
ಏನಿದು, ಅಂದ, ನನ್ನೆದುರು ನಿಂತು.
"ಹೂ," ಅಂದೆ.
ನನ್ನ ನುಡಿಯಲ್ಲಿ ಅದು ಹೂವು, ಎಳೆದರೆ ಒಪ್ಪಿಗೆ.
ಅವನ ನುಡಿಯಲ್ಲಿ, ಯಾರು ಎಂಬ ಪ್ರಶ್ನೆ.
ಅವನು ತಿರುಗಿ ಸಾಲನ್ನು ನೋಡಿದ,
ಒಂದೊಂದೇ ಮುಖ, ಎಣಿಸುವವನ ಹಾಗೆ.

ಬೆಲ್ಟು ಓಡುತ್ತಲೇ ಇತ್ತು. ಹತ್ತಕ್ಕೊಂದು ರಬ್ಬರು.
ನನ್ನ ಕೈಯ ಕಟ್ಟಿನಲ್ಲಿ ಒಂಬತ್ತಿದ್ದವು.