ಎಫ್ ಎಂಬ ಅಕ್ಷರ

ಲ್ಯಾಮಿಂಗ್ಟನ್ ರೋಡಿನಲ್ಲಿ, ಮೆಟ್ಟಿಲ ಕೆಳಗಿನ
ನಮ್ಮ ಆರಡಿ ಅಂಗಡಿಯ ಶಟರು ಎಳೆಯುವ ಹೊತ್ತಿಗೆ
ಭಾಂಡುಪಿನಿಂದ ಶರಯೂ ಬಂದಳು,
ಕಂಪ್ಯೂಟರಿನ ಡಬ್ಬವನ್ನು ಹಳೆ ಚಾದರದಲ್ಲಿ ಸುತ್ತಿಕೊಂಡು.
"ನಾಳೆ ಹತ್ತಕ್ಕೆ ಮದುವೆಯ ವಿಡಿಯೋ ಕೊಡಬೇಕು ದಾದಾ,
ಪರದೆ ಕಪ್ಪಗಿದೆ."

ಬಿಚ್ಚಿದೆ. ಎರಡು ಫ್ಯಾನಿನ ಕಾರ್ಡು, ಇಟ್ಟಿಗೆಯಷ್ಟು ತೂಕ.
ತನ್ನದೇ ಮೆಮೊರಿ, ತನ್ನದೇ ವೈರು,
ಬೇರೆ ಮೀಟರು ಹಾಕಿಸಿ ಬೇರೆ ಒಲೆ ಹೂಡಿದ ತಮ್ಮನ ಠೀವಿ.
ಮೂಗಿಗೆ ಹಿಡಿದೆ: ಸುಟ್ಟ ವಾಸನೆ.

ಇರಲಿ, ಎಂದೆ. ಪ್ರೊಸೆಸರಿನ ಒಳಗೇ
ಒಂದು ಸಣ್ಣ ಗ್ರಾಫಿಕ್ಸು ಇರುತ್ತದೆ, ಬಡಪಾಯಿ,
ಮನೆಯ ರ‍್ಯಾಮಿನಲ್ಲೇ ಒಂದು ತುತ್ತು ಕೇಳಿ ಉಂಡು
ಮೂಲೆಯಲ್ಲಿ ಕೂತು ಚಿತ್ರ ಬಿಡಿಸುವಂಥದು.
ಪರೇಲಿನ ನನ್ನ ಖೋಲಿಯಲ್ಲಿ ಐದು ಜನ
ಒಂದೇ ನಲ್ಲಿಗೆ ಮೀಯುವುದಿಲ್ಲವೇ?
ತಡವಾದರೂ ಸರದಿ ಬರುತ್ತದೆ.

ಕೇಬಲ್ಲನ್ನು ಬೋರ್ಡಿನ ಬೆನ್ನಿಗೆ ಸಿಕ್ಕಿಸಿದೆ.
ಕಪ್ಪು.
ಸ್ಪೀಕರು ಮಾತ್ರ ಟುಣ್ ಎಂದಿತು,
ಎದ್ದಿದ್ದೇನೆ ಎಂಬ ಹಾಗೆ.

ಬಿಲ್ಲು ತೆಗೆದಳು. ಚಿಪ್ಪಿನ ಹೆಸರಿನ ಕೊನೆಗೆ ಎಫ್.
ಕೆಳಗೆ ನಮ್ಮದೇ ಅಂಗಡಿಯ ಮೊಹರು, ನನ್ನದೇ ಕೈಬರಹ.

ಅದೇ ಅಚ್ಚಿನಲ್ಲಿ ಬಂದದ್ದು, ತಾಯಿ,
ಕಣ್ಣು ಇದಕ್ಕೂ ಇದೆ.
ಎಳೆಯೊಂದು ಕೆಟ್ಟಿತ್ತೋ, ಕೆಟ್ಟಿರಲೇ ಇಲ್ಲವೋ,
ಕಾರ್ಖಾನೆಯಲ್ಲಿ ರೆಪ್ಪೆ ಹೊಲಿದು
ಒಂದಕ್ಷರ ಸೇರಿಸಿ ಅಗ್ಗಕ್ಕೆ ಬಿಟ್ಟರು.
ಕಾರ್ಡು ಹೇಗೂ ಇದೆಯಲ್ಲ, ಸಾವಿರದೈನೂರು ಉಳಿಯಿತು
ಎಂದು ಅವತ್ತು ನಾನೇ ಹೇಳಿರಬೇಕು.

"ಒಳಗೆ ನಡೆಯುತ್ತಿದೆಯಾ?"
ನಡೆಯುತ್ತಿದೆ.
"ಮದುವೆ?"
ಅದೂ ಇದೆ.
ಅಂತರಪಟ ಹಿಡಿದವರು ಇಳಿಸಲು ಮರೆತಿದ್ದಾರೆ, ಅಷ್ಟೆ.
ಅವಳು ನಗಲಿಲ್ಲ.

ಕೆಳಗಿನ ಖಾನೆಯಲ್ಲಿ, ಸ್ಕ್ರೂಗಳ ನಡುವೆ,
ಫ್ಯಾನೇ ಇಲ್ಲದ ಒಂದು ಮುದಿ ಕಾರ್ಡು ಸಿಕ್ಕಿತು.
ಅದರ ಚಿನ್ನದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಕೂರಿಸಿದೆ.
ತಡವರಿಸಿತು. ಆಮೇಲೆ ವರನ ಮುಖ,
ಚೌಕ ಚೌಕವಾಗಿ, ಹರಿದ ಸೆಟ್ಟಿನ ಇಸ್ಪೀಟು ರಾಜನ ಹಾಗೆ,
ಎಣ್ಣೆ ಹಚ್ಚಿದ ಬೈತಲೆ, ಅಕ್ಷತೆ ಒಂದು ಗಾಳಿಯಲ್ಲಿ ನಿಂತಿತ್ತು.
"ನಡೆಯುತ್ತೆ, ರಾತ್ರಿಯೆಲ್ಲ ಕೂತರೆ ಆಗುತ್ತೆ"
ಎಂದು ಅವಳು ಚಾದರ ಸುತ್ತಿದಳು.
ದುಡ್ಡು ಕೇಳಲಿಲ್ಲ ನಾನು. ವಾಪಸು ತಂದುಕೊಡಿ, ಎಂದೆ.

ಇನ್ನು ಮುಂದೆ ಎಲ್ಲವೂ ಒಂದೇ ಚಿಪ್ಪಿನಲ್ಲಿ ಅಂತೆ,
ಛೇಡಾ ಶೇಠ್ ಹೇಳುತ್ತಿರುತ್ತಾನೆ, ಬಿಚ್ಚಲಿಕ್ಕೇ ಬರುವುದಿಲ್ಲ,
ನೀನು ಬೇರೆ ಕಸುಬು ನೋಡಿಕೋ.
ನೋಡೋಣ.

ದೀಪ ಆರಿಸುವ ಮುಂಚೆ
ಗೋಡೆಯ ದರಪಟ್ಟಿಯಲ್ಲಿ ಎಫ್ ಸಾಲಿನ ಮುಂದೆ
ಪೆನ್ಸಿಲಿನಲ್ಲಿ ಬರೆದೆ: ಕಣ್ಣು ಕಟ್ಟಿದೆ.
ಬೆಳಿಗ್ಗೆ ಶೇಠ್ ನೋಡಿದರೆ ಅಳಿಸುತ್ತಾನೆ.