ಬೋಗುಣಿಯಲ್ಲಿ ಉಳಿದ ನೀರು

ಮೊದಮೊದಲು ಖುಷಿಯೇ ಆಯಿತು.
ಹನ್ನೊಂದು ದಾಟಿದ ನಮ್ಮ ಡ್ಯಾಶಂಡ್, ಫಸೋಲ್ಕಾ,
ಮರಿಯಾಗಿದ್ದಾಗಲೂ ಹೀಗೆ ತಿಂದವಳಲ್ಲ.
ಯುದ್ಧ ಮುಗಿದ ಮೇಲಿನ ಹಸಿವಲ್ಲಿ ಬೆಳೆದವನು ನಾನು;
ತಟ್ಟೆ ನೆಕ್ಕುವ ಜೀವಕ್ಕೆ ಕಾಯಿಲೆ ಎಲ್ಲಿಂದ ಬರಬೇಕು,
ಅನ್ನುತ್ತಿದ್ದಳು ಅಮ್ಮ. ನಾನೂ ಅದನ್ನೇ ಅಂದೆ,
ಇನ್ನೊಂದು ಚೂರು ಸಾಸೇಜು ಹಾಕಿದೆ.

ಆಮೇಲೆ ನೀರು.
ಬೋಗುಣಿ ತುಂಬಿಸಿ ತಿರುಗುವಷ್ಟರಲ್ಲಿ ಖಾಲಿ.
ರಾತ್ರಿ ಮೂರು ಸಲ ಬಾಗಿಲು ಗೀರುವುದು,
ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ,
ಇಳಿಯುವಷ್ಟರಲ್ಲಿ ಮೆಟ್ಟಿಲ ಮೇಲೇ ಆಗಿಹೋಗುವುದು.
ಬೈದೆ ಅವಳನ್ನು. ಒಮ್ಮೆ ಕೈಯನ್ನೂ ಎತ್ತಿದೆ.
ಅವಳು ನೆಲಕ್ಕೆ ಕಣ್ಣು ನೆಟ್ಟು ನಿಂತಳು,
ತನಗೂ ಅರ್ಥವಾಗದ ತಪ್ಪಿಗೆ.

ಹೊಟ್ಟೆ ಜೋತಿತು, ಬೆನ್ನು ಬಡವಾಯಿತು.
ಎರಡೂ ಪಕ್ಕೆಗಳಲ್ಲಿ ಅಳತೆ ಹಿಡಿದಂತೆ ಕೂದಲು ಉದುರಿ
ಚರ್ಮ ಈರುಳ್ಳಿ ಪೊರೆಯಾಯಿತು.
ಬಾಲ್ಟಿಕ್ ಗಾಳಿ ಕಿಟಕಿ ಒದೆಯುವ ಜನವರಿಯಲ್ಲೂ
ಕೂತಲ್ಲೇ ಏದುಸಿರು.
'ವಯಸ್ಸಾಯ್ತು, ನಮ್ಮ ಹಾಗೆ,' ಎಂದೆ.
ಬೊಗುಮಿವಾ ಮಾತ್ರ ಒಪ್ಪಲಿಲ್ಲ:
'ನಮ್ಮಿಬ್ಬರಲ್ಲಿ ಯಾರು ಕಸದ ಬುಟ್ಟಿ ಮಗುಚಿದ್ದೇವೆ?'

ಡಾಕ್ಟರ್ ಕ್ರೆಫ್ತಾ ಮೊದಲು ಕೇಳಿದ್ದು ಲೆಕ್ಕ.
ಪ್ಲಮ್ ಜಾಮಿನ ಹಳೆಯ ಬಾಟಲಿಯಲ್ಲಿ ಅಳೆದೆ:
ಒಂಬತ್ತು ಕಿಲೋ ನಾಯಿ, ದಿನಕ್ಕೆ ಒಂದೂವರೆ ಲೀಟರ್.
ಆಕೆ ಪೆನ್ನು ಕೆಳಗಿಟ್ಟಳು.

ಎಂಟು ಗಂಟೆಯ ಪರೀಕ್ಷೆ. ಮೂರು ಸಲ ರಕ್ತ.
'ಹೊರಗಿನಿಂದ ಚೂರು ಸ್ಟೆರಾಯ್ಡ್ ಕೊಟ್ಟು ನೋಡುತ್ತೇವೆ,
"ಸಾಕು" ಎನ್ನುವುದು ಈ ದೇಹಕ್ಕೆ ಇನ್ನೂ ಗೊತ್ತಾಗುತ್ತದೆಯೇ ಎಂದು.'
ಗೊತ್ತಾಗುತ್ತಿರಲಿಲ್ಲ.

ಮೂತ್ರಪಿಂಡದ ನೆತ್ತಿಯ ಮೇಲೆ ಅವರೆಕಾಳಿನಷ್ಟು ಗ್ರಂಥಿ,
ಮಿದುಳಿನ ಬುಡದಲ್ಲಿ ಅದಕ್ಕಿಂತ ಚಿಕ್ಕ ಯಜಮಾನ.
ಆಕೆ ಚಿತ್ರ ಬರೆಯುತ್ತಿದ್ದಳು; ನನಗೆ ಕಂಡದ್ದು ಗ್ದಿನ್ಯಾ ಬಂದರು.
ಮೂವತ್ತೆರಡು ವರ್ಷ ಕ್ರೇನಿನ ಗೂಡಲ್ಲಿ ಕೂತವನು ನಾನು.
ಕೆಳಗೆ ಸನ್ನೆ ಮಾಡುವವನು ಎತ್ತಿದ ಕೈ
ಇಳಿಸುವುದನ್ನೇ ಮರೆತರೆ?
ಎತ್ತು, ಎತ್ತು, ಇನ್ನೂ ಎತ್ತು.
ಮೇಲಿನವನು ವಿಧೇಯ. ತಪ್ಪು ಅವನದಲ್ಲ.
ಹಗ್ಗ ಮಾತ್ರ ಸವೆಯುತ್ತದೆ.

ಕಾಯುವ ಕೋಣೆಯಲ್ಲಿ ಒಬ್ಬಾಕೆ,
ಮಡಿಲಲ್ಲಿ ಬ್ಯಾಂಡೇಜು ಸುತ್ತಿದ ಬೆಕ್ಕು.
ಸುಮ್ಮನೆ ಕತ್ತು ಹಿಡಿದೆತ್ತಿದೆ, ಎಂದಳು,
ಒದ್ದೆ ಕಾಗದದ ಹಾಗೆ ಚರ್ಮ ಹರಿದು ಕೈಗೆ ಬಂತು.
ಸಕ್ಕರೆ ಕಾಯಿಲೆಯೂ ಇದೆ, ಇನ್ಸುಲಿನ್ನಿಗೆ ಜಗ್ಗುವುದಿಲ್ಲ;
ಬೆಕ್ಕುಗಳಲ್ಲಿ ಇದು ಅಪರೂಪವಂತೆ.
ಅಪರೂಪ ಎಂಬ ಮಾತನ್ನು ಆಕೆ ಎರಡು ಸಲ ಹೇಳಿದಳು,
ಯಾರ ಮೇಲೋ ದೂರು ಕೊಡುವಂತೆ.

ದಿನಾ ಬೆಳಗ್ಗೆ ಊಟದ ಜೊತೆ ಒಂದು ಕ್ಯಾಪ್ಸೂಲು.
ಬೊಗುಮಿವಾ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದಳು,
ಹತ್ತನೆಯ ದಿನ ಮತ್ತೆ ರಕ್ತ, ತಿಂಗಳಿಗೆ ಮತ್ತೆ ರಕ್ತ.
ಗುಣವಾಗುವುದಿಲ್ಲ, ಹಿಡಿತದಲ್ಲಿರುತ್ತದೆ, ಎಂದಿದ್ದರು.
ಬ್ರೇಕಿನ ಮೇಲೆ ಕಾಲಿಟ್ಟೇ ಬದುಕುವುದು
ನನಗೇನು ಹೊಸದಲ್ಲ.

ಮಾರ್ಚಿನ ಒಂದು ಬೆಳಗ್ಗೆ ಅವಳು ತಟ್ಟೆ ಮೂಸಿ
ಪಕ್ಕಕ್ಕೆ ತಿರುಗಿದಳು.
ಹಳದಿ ನೊರೆ ವಾಂತಿ, ಹಿಂಗಾಲುಗಳು ಬಟ್ಟೆಯ ಹಾಗೆ.
'ಹೊತ್ತಾಯ್ತು, ಮಾತ್ರೆ ಕೊಡಿ,' ಎಂದಳು ಬೊಗುಮಿವಾ.
ಕೊಡಲಿಲ್ಲ.
ಅತಿಯ ಆಚೆ ದಡದಲ್ಲಿ ಇನ್ನೊಂದು ಪ್ರಪಾತವಿದೆ,
ಡಾಕ್ಟರು ಹೇಳಿದ್ದರು: ಉಣ್ಣದ ದಿನ ಮದ್ದಿಲ್ಲ,
ಮೊದಲು ಫೋನು.
ಕೋಟಿನೊಳಗೆ ಅವಳನ್ನು ಕಟ್ಟಿಕೊಂಡು
ನಾಲ್ಕು ಮಹಡಿ ಇಳಿದೆ, ಟ್ರಾಲಿಬಸ್ಸಿನಲ್ಲಿ
ಯಾರೋ ಎದ್ದು ಜಾಗ ಕೊಟ್ಟರು.
ಯಾರ ಮುಖ ನೋಡಿ ಕೊಟ್ಟರೋ.

ಮೂರು ದಿನದ ಮೇಲೆ ಮನೆ.
ಪ್ರಮಾಣ ಇಳಿಸಿದ್ದಾರೆ, ಡಬ್ಬಿಯ ಬಣ್ಣವೂ ಬೇರೆ.

ಈಗ ಪಕ್ಕೆಯಲ್ಲಿ ಕೂದಲು ಚಿಗುರಿದೆ,
ಹಳೆಯ ಕಂದು ಅಲ್ಲ, ಒಂಥರಾ ಬೂದು.
ರಾತ್ರಿ ಬಾಗಿಲು ಗೀರುವುದಿಲ್ಲ;
ನಾನೇ ಮೂರು ಗಂಟೆಗೆ ಎದ್ದು ಕೂರುತ್ತೇನೆ.
ಅಡುಗೆಮನೆಯ ದೀಪ ಹಾಕುತ್ತೇನೆ:
ಬೋಗುಣಿಯಲ್ಲಿ ನೀರು ಉಳಿದಿದೆ,
ಅರ್ಧಕ್ಕಿಂತ ಜಾಸ್ತಿ,
ಮೇಲೊಂದು ಕೂದಲು ತೇಲುತ್ತಿದೆ.

ಚೆಲ್ಲಲು ಮನಸ್ಸು ಬಾರದೆ
ಮತ್ತೆ ಜಾಮಿನ ಬಾಟಲಿಗೆ ಸುರಿದು ಅಳೆಯುತ್ತೇನೆ.