ಪಕ್ಕದ ಗಿಡ

ಬೋಜಿಯ ಬಲಗೈ ತೋರುಬೆರಳು ಇದು.
ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು
ನೇರಳೆಯಲ್ಲೊಮ್ಮೆ, ಗುಲಾಬಿಯಲ್ಲೊಮ್ಮೆ
ಮುಳುಗಿಸಿದವಳು ನಾನೇ.
ಮಡಿಕೇರಿಯಲ್ಲಿ ಹನ್ನೊಂದಾದರೂ ಮಂಜು ಹೋಗಿಲ್ಲ,
ಲ್ಯಾಬಿನ ದೀಪ ಉರಿಯುತ್ತಲೇ ಇದೆ.

ನೇರಳೆ ಹಿಡಿಯಲೇ ಇಲ್ಲ.
ಕೋಶಗಳೇನೋ ಸಾಲಾಗಿ ನಿಂತಿವೆ, ಗೋಡೆಗೆ ಗೋಡೆ ತಾಗಿ,
ಎಸ್ಟೇಟಿನ ಲೈನುಮನೆಗಳ ಹಾಗೆ.
ಬಾಗಿಲಿದೆ, ಹೆಂಚಿದೆ.
ಒಳಗೆ ಯಾರೂ ದೀಪ ಹಚ್ಚಿಲ್ಲ.

ಡಾಕ್ಟರ್ ದೇಚಮ್ಮ ಹೇಳುತ್ತಾರೆ: ಊದಿಕೊಂಡ ಕೋಶ
ಇನ್ನೂ ವಾಪಸು ಬರಬಹುದು. ನೀರು ಕಕ್ಕಿ, ಉಸಿರು ಹಿಡಿದು
ನಾಳೆ ಕೆಲಸಕ್ಕೆ ಹೋಗಬಹುದು.
ಪೊರೆ ಹರಿದ ಮೇಲೆ ಇಲ್ಲ.
ಎರಡರ ನಡುವೆ ಎಲ್ಲೋ ಒಂದು ಗೆರೆ.
ಆ ಗೆರೆಗೆ ಗಂಟೆ ಎಷ್ಟು, ಅದೇ ನಮ್ಮ ಸಂಶೋಧನೆ.
ಕಚ್ಚಿದ್ದು ಯಾವಾಗ, ಬಂದದ್ದು ಯಾವಾಗ:
ನಲವತ್ತೊಂದು ರೋಗಿಗಳು, ಎರಡು ಕಾಲಮ್ಮು.

ಬೋಜಿಯ ಸಾಲಿನಲ್ಲಿ ನಾನು ಬರೆದದ್ದು ಹೀಗೆ:
'ಗೋಣಿಕೊಪ್ಪದ ಸಂತೆಗೆ ಎರಡು ದಿನ ಮುಂಚೆ,
ಗಂಜಿ ಕುಡಿದ ಮೇಲೆ.'
ಬಂದದ್ದು ಸಂತೆಯ ಮಾರನೆಯ ದಿನ.
ನಡುವೆ ಜೀಪು ಕಾಳುಮೆಣಸು ಸಾಗಿಸುತ್ತಿತ್ತಂತೆ.
ಅದಕ್ಕೆ ಕಾಲಮ್ಮಿಲ್ಲ.

ಈ ಬೆರಳಿಗೆ ಒಂದು ವಿದ್ಯೆ ಗೊತ್ತಿತ್ತು.
ಅರೇಬಿಕಾ ಕಾಂಡವನ್ನು ಮೇಲಿಂದ ಕೆಳಗೆ ಸವರಿ
ತೊಗಟೆ ಎಲ್ಲಿ ಏಣು ಎದ್ದಿದೆ,
ಕೊರಕ ಒಳಗೆ ಎಲ್ಲಿ ತಿರುವು ತೆಗೆದುಕೊಂಡಿದೆ,
ಎಲೆಯೆಲ್ಲ ಇನ್ನೂ ಹಸಿರೇ ಇರುವಾಗ ಹೇಳುತ್ತಿತ್ತು:
ಇದು ಬರ್ತದೆ.
ಇದು ಬರೋದಿಲ್ಲ, ಕೀಳಿ, ಸುಡಿ.
ಸಾಹುಕಾರರ ಮಗ ಎಷ್ಟೋ ಸಲ ನಂಬದೆ ಬಿಟ್ಟು
ಮಳೆಗಾಲ ಮುಗಿದ ಮೇಲೆ ಕೀಳಿಸಿದ್ದಾನೆ,
ಅಷ್ಟರಲ್ಲಿ ಹತ್ತು ಗಿಡ.

ಆ ದಿನ ಬುಡ ಸವರಲು ಬಗ್ಗಿದಾಗ
ಹಾವು ಅಲ್ಲೇ ಇತ್ತು, ತೊಗಟೆಯದೇ ಬಣ್ಣ.

ಇವತ್ತು ಡ್ರೆಸ್ಸಿಂಗಿಗೆ ಬಂದವಳು ಲ್ಯಾಬಿನ ಬಾಗಿಲಲ್ಲಿ ನಿಂತು
"ನನ್ನ ಬೆರಳು ನಿಮ್ಮ ಹತ್ರ ಉಂಟಂತೆ?"
ಕೊಡಲಾರದೆ, ಇಲ್ಲವೆನ್ನಲಾರದೆ
ಸ್ಟೂಲು ಸರಿಸಿದೆ.
ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.
ಗುಲಾಬಿ ಅಂದರೇನು, ನೇರಳೆ ಯಾಕಿಲ್ಲ,
ಸುಲಭದ ಮಾತು ಹುಡುಕುತ್ತಿದ್ದೆ ನಾನು.

"ಬರೋದಿಲ್ಲ ಇದು," ಅಂದಳು. "ಕಿತ್ತದ್ದು ಸರಿ."

ಆಮೇಲೆ ಬ್ಯಾಂಡೇಜು ಸುತ್ತಿದ ಕೈಯನ್ನು
ನಿದ್ದೆಹೋದ ಮಗುವನ್ನು ಕೊಡುವ ಹಾಗೆ
ಮುಂದೆ ಹಿಡಿದು,
"ಪಕ್ಕದ ಗಿಡ ನೋಡಿದ್ರಾ?"